ಚಳಿ ಕಾಯಿಸುವ ಮೊದಲು ತಂತಿಯನ್ನು ನೋಡೋಣ

(ಸಂಸ್ಥೆಯ ವಾರ್ಷಿಕ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ವಾರ್ಷಿಕ ಸಭೆಯಲ್ಲಿ ಮುಖ್ಯೋಪಾಧ್ಯಾಯನಾದವನು ಪರೀಕ್ಷೆಯ ಫಲಿತಾಂಶವನ್ನು ಕುರಿತೋ ಮಾತೃಭಾಷೆಯ ಮಹತ್ವವನ್ನು ಕುರಿತೋ ಮಾತನಾಡುವುದು ವಾಡಿಕೆ. ಈ ವರ್ಷ ಆ ವಾಡಿಕೆಯನ್ನು ಮೀರುತ್ತಿದ್ದೇನೆ, ಸಭೆಯು ಕ್ಷಮಿಸಬೇಕು. ನಾನು ಇಂದು ಮಾತನಾಡಬೇಕೆಂದಿರುವುದು ಮನೆಯನ್ನು ಬೆಚ್ಚಗಿಡುವ ವಿದ್ಯುತ್ ಹೀಟರನ್ನು ಕುರಿತು. ಅದಕ್ಕಿಂತಲೂ ಹೆಚ್ಚಾಗಿ, ಆ ಹೀಟರಿಗೆ ವಿದ್ಯುತ್ತನ್ನು ಯಾವ ದಾರಿಯಿಂದ ಒದಗಿಸಬೇಕೆಂಬುದನ್ನು ಕುರಿತು. ವಿಷಯವು ಸಣ್ಣದೆಂದು ತೋರಬಹುದು. ಆದರೆ ನಮ್ಮ ವಿದ್ಯಾರ್ಥಿನಿಲಯದ ಇಪ್ಪತ್ತನಾಲ್ಕು ಮಕ್ಕಳ ನಿದ್ರೆಯೂ ಪ್ರಾಣವೂ ಇದಕ್ಕೆ ಸೇರಿಕೊಂಡಿವೆ.

ಕಳೆದ ಚಳಿಗಾಲದ ಮೊದಲಿನಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ನಿಲಯದ ಮಕ್ಕಳಿಗಾಗಿ ನಾಲ್ಕು ಹೀಟರುಗಳನ್ನು ಕೊಡಿಸುವುದಾಗಿ ಪತ್ರ ಬರೆದರು. ಅವರ ಔದಾರ್ಯಕ್ಕೆ ಕೃತಜ್ಞತೆಯನ್ನು ತಿಳಿಸಿ, "ದಯವಿಟ್ಟು ಸ್ವಲ್ಪ ತಾಳಬೇಕು" ಎಂದು ನಾನು ಉತ್ತರ ಬರೆದೆನು. ಈ ಸಂಗತಿ ಊರಿನಲ್ಲಿ ಹಬ್ಬಿತು. ಮುಖ್ಯೋಪಾಧ್ಯಾಯರು ತಾವು ಮನೆಯಲ್ಲಿ ಬೆಚ್ಚಗೆ ಮಲಗಿ ಪರರ ಮಕ್ಕಳನ್ನು ಚಳಿಯಲ್ಲಿ ಮಲಗಿಸಿದರೆಂಬ ಮಾತು ನನ್ನ ಕಿವಿಗೂ ಬಿದ್ದಿತು. ಅಂಥ ಮಾತನ್ನಾಡಿದವರ ಮೇಲೆ ನನಗೆ ಸಿಟ್ಟಿಲ್ಲ. ಮಗುವನ್ನು ನಿಲಯದಲ್ಲಿ ಬಿಟ್ಟು ಹೋದ ತಾಯಿಗೆ ಹಾಗೆ ಕೇಳುವ ಹಕ್ಕಿದೆ. ಆ ಚಳಿಗಾಲದಲ್ಲಿ ಮಕ್ಕಳು ನಡುಗಿದ್ದು ನಿಜ. ಎರಡೆರಡು ಕಂಬಳಿಗಳನ್ನು ಹೊದಿಸಿದೆವು, ಆದರೂ ನಡುಗಿದರು. ನಾನೇಕೆ ತಡೆದೆನೆಂಬುದನ್ನು ಈ ದಿನ ತಮ್ಮೆಲ್ಲರ ಮುಂದೆ ನಿವೇದಿಸಿಕೊಳ್ಳುವುದು ನನ್ನ ಕರ್ತವ್ಯ.

ಅದಕ್ಕೆ ಕಾರಣ ನನ್ನ ಮನೆಯಲ್ಲಿಯೇ ನಡೆದ ಒಂದು ಘಟನೆ. ತಪ್ಪು ಸಂಪೂರ್ಣವಾಗಿ ನನ್ನದೇ ಆದುದರಿಂದ ಹೇಳಿಕೊಳ್ಳಲು ಸಂಕೋಚವಾಗುತ್ತದೆ, ಆದರೂ ಹೇಳಲೇಬೇಕು. ಅದಕ್ಕೂ ಹಿಂದಿನ ವರ್ಷ, ಪುಷ್ಯ ಮಾಸದಲ್ಲಿ, ಹುಲ್ಲಿನ ಮೇಲೆ ಮಂಜು ಹೆಪ್ಪುಗಟ್ಟಿ ಬೆಳ್ಳಗಾಗುವ ಆ ದಿನಗಳಲ್ಲಿ, ವೃದ್ಧರಾದ ನಮ್ಮ ತಾಯಿಯವರಿಗೆ ಉಬ್ಬಸ ಹೆಚ್ಚಾಯಿತು. ನಾನು ಪೇಟೆಗೆ ಹೋಗಿ ೨೦೦೦ ವಾಟಿನ ಒಂದು ಹೀಟರನ್ನು ಕೊಂಡುತಂದೆನು. ಅದರ ಪ್ಲಗ್ಗಿನ ಕಡ್ಡಿಗಳು ದಪ್ಪವಾಗಿದ್ದು, ನಮ್ಮ ಗೋಡೆಯ ಸಾಕೆಟ್ಟಿನ ಸಣ್ಣ ತೂತುಗಳಿಗೆ ಸೇರಲಿಲ್ಲ. ಸೇರದಿರುವುದೇ ಒಂದು ಎಚ್ಚರಿಕೆಯೆಂದು ನಾನು ತಿಳಿಯಲಿಲ್ಲ. ಮತ್ತೆ ಅಂಗಡಿಗೆ ಹೋಗಿ, ದಪ್ಪ ಕಡ್ಡಿಯನ್ನು ಸಣ್ಣ ತೂತಿಗೆ ಹೊಂದಿಸುವ ಒಂದು ತುಂಡನ್ನು ತಂದೆನು. ತಾಯಿಯ ಹಾಸಿಗೆಯವರೆಗೆ ತಂತಿ ಸಾಲದೆ ಇದ್ದುದರಿಂದ, ಮೇಜಿನ ದೀಪಕ್ಕೂ ಮೊಬೈಲಿಗೂ ಇಟ್ಟುಕೊಂಡಿದ್ದ ಎಕ್ಸ್‌ಟೆನ್ಷನ್ ಬೋರ್ಡನ್ನು ನಡುವೆ ಸೇರಿಸಿದೆನು. ಕಾಲಿಗೆ ತೊಡರೀತೆಂದು ಆ ತಂತಿಯನ್ನು ಚಾಪೆಯ ಕೆಳಗೆ ತೂರಿಸಿದೆನು. ಇಷ್ಟೆಲ್ಲ ಮಾಡಿ, ಮಗನ ಕರ್ತವ್ಯವನ್ನು ನೆರವೇರಿಸಿದೆನೆಂಬ ತೃಪ್ತಿಯಿಂದ ಮಲಗಿದೆನು.

ನಡುರಾತ್ರಿಯಲ್ಲಿ ತಾಯಿಯವರು ಕೂಗಿದರು: "ಏಳೋ ಮಗಾ, ಏನೋ ಕಮಟು ವಾಸನೆ." ಎದ್ದು ನೋಡಿದರೆ ಬೋರ್ಡಿನ ಸಾಕೆಟ್ಟು ಕಂದುಬಣ್ಣಕ್ಕೆ ತಿರುಗಿ ಮೇಣದಂತೆ ಮೆತ್ತಗಾಗಿತ್ತು. ಚಾಪೆಯು ಅಂಗೈಯಗಲ ಕರಿಕಾಗಿತ್ತು. ಹೀಟರು ಮಾತ್ರ ಏನೂ ಆಗದಂತೆ ಬಿಸಿಗಾಳಿಯನ್ನು ಬೀಸುತ್ತಲೇ ಇತ್ತು. ಮೀಟರಿನ ಪಕ್ಕದ ಸ್ವಿಚ್ಚು ತಾನಾಗಿ ಬಿದ್ದಿರಲಿಲ್ಲ. ಉಬ್ಬಸದಿಂದ ತಾಯಿಗೆ ನಿದ್ರೆ ಬಂದಿರಲಿಲ್ಲವಾದುದರಿಂದ ನಾವು ಉಳಿದೆವು. ಎಲ್ಲವನ್ನೂ ಆರಿಸಿ ಕುಳಿತ ಮೇಲೆ ಅವರು ಅಂದ ಮಾತು ಇದು: "ಊರ ಮಕ್ಕಳಿಗೆಲ್ಲ ಪಾಠ ಹೇಳುವವನು ನೀನು. ನಿನಗೆ ಈ ಪಾಠವನ್ನು ಯಾರಪ್ಪ ಹೇಳಬೇಕಾಗಿತ್ತು?" ಆ ಪ್ರಶ್ನೆಗೆ ಉತ್ತರ ಹುಡುಕುತ್ತ ನಾನು ಕಲಿತುದನ್ನು ಈಗ ತಮ್ಮ ಮುಂದೆ ಇಡುತ್ತೇನೆ.

ಮೊದಲು ನಮ್ಮ ನೀಲಗಿರಿಯ ಒಂದು ವೈಚಿತ್ರ್ಯವನ್ನು ಹೇಳಬೇಕು. ಈ ಬೆಟ್ಟವು ವಿದ್ಯುತ್ತಿನ ತವರುಗಳಲ್ಲೊಂದು. ಪೈಕಾರದ ನೀರಿನಿಂದ ೧೯೩೨ರಲ್ಲಿಯೇ ಇಲ್ಲಿ ವಿದ್ಯುಚ್ಛಕ್ತಿ ಉತ್ಪನ್ನವಾಯಿತು. ಕೊಲಂಬೊ ಯೋಜನೆಯ ಅಡಿಯಲ್ಲಿ ಕೆನಡಾ ದೇಶದ ನೆರವಿನೊಡನೆ ಕಟ್ಟಿದ ಕುಂದಾ ಯೋಜನೆಯು ೧೯೬೦ರಿಂದ ಕೆಲಸ ಮಾಡತೊಡಗಿತು. ನಮ್ಮ ಹಳ್ಳಗಳ ನೀರು ದೂರದ ಬಯಲುನಾಡಿನ ಗಿರಣಿಗಳನ್ನು ತಿರುಗಿಸಿತು. ಆದರೆ ನಮ್ಮ ಮನೆಗಳಿಗೆ ಬಂದ ವಿದ್ಯುತ್ತು ಬಹುಕಾಲದವರೆಗೆ ಬರಿಯ ದೀಪದ ವಿದ್ಯುತ್ತು. ಎರಡು ಕೋಣೆಗೆ ಎರಡು ಬಲ್ಬು, ಹಜಾರಕ್ಕೊಂದು, ರೇಡಿಯೋಗೊಂದು ಸಾಕೆಟ್ಟು: ಅದಕ್ಕೆ ತಕ್ಕ ಸಣ್ಣ ತಂತಿಯನ್ನೇ ಆಗಿನವರು ಎಳೆದರು. ಅವರದು ತಪ್ಪಲ್ಲ. ಆಗ ಚಳಿಗೆ ಅಗ್ಗಿಷ್ಟಿಕೆಯಿತ್ತು, ಒಲೆಯ ಮಗ್ಗುಲಿತ್ತು, ಕಂಬಳಿಯಿತ್ತು. ಈಗ ಅದೇ ತಂತಿಗೆ ನಾವು ನೀರು ಕಾಯಿಸುವ ಗೀಸರನ್ನೂ ಇಸ್ತ್ರಿಪೆಟ್ಟಿಗೆಯನ್ನೂ ಹೀಟರನ್ನೂ ಸೇರಿಸುತ್ತಿದ್ದೇವೆ. ಹಾಸಿಗೆ ಇದ್ದಷ್ಟು ಕಾಲು ಚಾಚೆಂದು ಹಿರಿಯರು ಹೇಳಿದ್ದು ಹಣಕ್ಕೆ ಮಾತ್ರವಲ್ಲ, ತಂತಿಗೂ ಸಲ್ಲುತ್ತದೆ.

ಹಾಗಾದರೆ ಅಗ್ಗಿಷ್ಟಿಕೆಯೇ ಇರಲಿ, ವಿದ್ಯುತ್ತಿನ ಗೊಡವೆಯೇಕೆ ಎಂದು ಕೆಲವರು ಕೇಳಬಹುದು. ಹಳೆಯ ಮನೆಗಳಲ್ಲಿ ಹೊಗೆ ಹೋಗಲು ಹೆಂಚಿನ ಸಂದುಗಳಿದ್ದುವು. ಈಗಿನ ಗಾರೆಯ ಮನೆಯಲ್ಲಿ ಕಿಟಕಿ ಬಾಗಿಲುಗಳನ್ನು ಭದ್ರವಾಗಿ ಮುಚ್ಚಿ ಇದ್ದಲ ಕೆಂಡವನ್ನು ಇಟ್ಟುಕೊಂಡು ಮಲಗಿದರೆ ಇಂಗಾಲದ ಮಾನಾಕ್ಸೈಡೆಂಬ ವಿಷವಾಯು ಕೋಣೆಯಲ್ಲಿ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತವು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚಿನ ಆಸಕ್ತಿಯಿಂದ ಅದನ್ನು ಹಿಡಿದುಕೊಳ್ಳುತ್ತದೆ. ಮಲಗಿದವರು ಮೇಲೇಳುವುದಿಲ್ಲ. ಆದುದರಿಂದ ಮುಚ್ಚಿದ ಕೋಣೆಯಲ್ಲಿ ಕೆಂಡವು ಸರ್ವಥಾ ಕೂಡದು. ಈ ಒಂದು ವಿಷಯದಲ್ಲಿ ವಿದ್ಯುತ್ತು ಖಂಡಿತವಾಗಿಯೂ ಮೇಲು. ಆದರೆ ಅದನ್ನು ಮನೆಯೊಳಗೆ ಕರೆತರುವ ದಾರಿ ಸರಿಯಾಗಿರಬೇಕು.

ಈಗ ಸ್ವಲ್ಪ ಲೆಕ್ಕ. ಮಕ್ಕಳೇ, ನೀವು ಕಿವಿಗೊಡಿ. ಇದು ನಿಮ್ಮ ಪಾಠದಲ್ಲಿಯೇ ಇದೆ. ನಮ್ಮ ಮನೆಗಳಿಗೆ ಬರುವ ವಿದ್ಯುತ್ತಿನ ಒತ್ತಡ ೨೩೦ ವೋಲ್ಟು. ಹೀಟರಿನ ವಾಟನ್ನು ೨೩೦ರಿಂದ ಭಾಗಿಸಿದರೆ ಅದು ಎಳೆಯುವ ಪ್ರವಾಹವು ಆಂಪಿಯರುಗಳಲ್ಲಿ ದೊರೆಯುತ್ತದೆ. ೨೦೦೦ ವಾಟಿನ ಹೀಟರಿಗೆ ಸುಮಾರು ೮.೭ ಆಂಪಿಯರು. ಗೋಡೆಯ ಸಣ್ಣ ಸಾಕೆಟ್ಟನ್ನು ಮಾಡಿರುವುದು ೬ ಆಂಪಿಯರಿಗೆ. ದೊಡ್ಡ ಸಾಕೆಟ್ಟನ್ನು ಮಾಡಿರುವುದು ೧೬ ಆಂಪಿಯರಿಗೆ. ಹೀಟರು ತಯಾರಿಸಿದವರು ಅದಕ್ಕೆ ದಪ್ಪ ಕಡ್ಡಿಯ ಪ್ಲಗ್ಗನ್ನು ಹಾಕಿದ್ದು ಇದಕ್ಕಾಗಿಯೇ. ಆ ಕಡ್ಡಿಯು ಸಣ್ಣ ಸಾಕೆಟ್ಟಿಗೆ ಸೇರಬಾರದೆಂದೇ ಅದನ್ನು ದಪ್ಪ ಮಾಡಿರುತ್ತಾರೆ. ನಾನು ಅಂಗಡಿಯಿಂದ ತಂದ ತುಂಡು ಆ ಕಾವಲುಗಾರನ ಕಣ್ಣಿಗೆ ಮಣ್ಣೆರಚಿತು.

ಇನ್ನು ಎರಡನೆಯ ಲೆಕ್ಕ. ಇಂಗ್ಲೆಂಡಿನ ವಿಜ್ಞಾನಿ ಜೂಲ್ ಎಂಬುವನು ೧೮೪೧ರಲ್ಲಿ ಪ್ರಕಟಿಸಿದ ಒಂದು ನಿಯಮವಿದೆ. ತಂತಿಯಲ್ಲಿ ಹುಟ್ಟುವ ಉಷ್ಣವು ಪ್ರವಾಹದ ವರ್ಗಕ್ಕೆ ಅನುಗುಣವಾಗಿರುತ್ತದೆ. ಎಂದರೆ ಪ್ರವಾಹವು ಎರಡು ಪಟ್ಟಾದರೆ ಉಷ್ಣವು ನಾಲ್ಕು ಪಟ್ಟಾಗುತ್ತದೆ. ಹೀಟರು ಬಿಸಿಯಾಗುವುದೂ ಇದೇ ನಿಯಮದಿಂದ, ಸಾಕೆಟ್ಟು ಸುಡುವುದೂ ಇದೇ ನಿಯಮದಿಂದ. ಹೀಟರಿನೊಳಗೆ ನಿಕಲ್ಲು ಕ್ರೋಮಿಯಮ್ಮುಗಳ ಮಿಶ್ರಲೋಹದ ಸುರುಳಿಯಿರುತ್ತದೆ. ಅದು ಕೆಂಪಗೆ ಕಾದರೂ ಕರಗುವುದಿಲ್ಲ, ಬೇಗ ತುಕ್ಕು ಹಿಡಿಯುವುದಿಲ್ಲ. ಉಷ್ಣವು ಅಲ್ಲಿಯೇ ಹುಟ್ಟಬೇಕು. ಗೋಡೆಯ ತಂತಿಯಲ್ಲಿಯೂ ಪ್ಲಗ್ಗಿನ ಕೀಲಿನಲ್ಲಿಯೂ ಹುಟ್ಟಬಾರದು. ಒಂದು ಉದಾಹರಣೆಯನ್ನು ಕೊಡುತ್ತೇನೆ. ಸಾಕೆಟ್ಟಿನೊಳಗಿನ ಹಿತ್ತಾಳೆಯ ಹಿಡಿಕೆಗಳು ಸಡಿಲವಾಗಿ, ಕಡ್ಡಿ ಅಲ್ಲಾಡುವಲ್ಲಿ ಒಂದು ಓಮಿನ ಐದನೆಯ ಒಂದು ಪಾಲಿನಷ್ಟು ತಡೆಯುಂಟಾಯಿತೆಂದು ಇಟ್ಟುಕೊಳ್ಳಿ. ೮.೭ ಆಂಪಿಯರು ಅದರ ಮೂಲಕ ಹರಿದರೆ ಆ ಒಂದು ಚುಕ್ಕೆಯಲ್ಲಿ ೧೫ ವಾಟು ಉಷ್ಣ ಹುಟ್ಟುತ್ತದೆ. ೧೫ ವಾಟೆಂದರೆ ಅಲ್ಪವೆನ್ನಬೇಡಿ. ರೇಡಿಯೋ ರಿಪೇರಿ ಮಾಡುವವನು ಸೀಸದ ಬೆಸುಗೆಯನ್ನು ಕರಗಿಸುವುದು ಹೆಚ್ಚುಕಡಮೆ ಅಷ್ಟೇ ವಾಟಿನ ಕಡ್ಡಿಯಿಂದ. ಅಂಥ ಕಡ್ಡಿಯೊಂದನ್ನು ಇಡೀ ರಾತ್ರಿ ಪ್ಲಾಸ್ಟಿಕ್ಕಿನ ಬೋರ್ಡಿನೊಳಗೆ ಇಟ್ಟಂತಾಯಿತು.

ಹಾಗಿದ್ದರೆ ನಮ್ಮ ಮನೆಯ ಸ್ವಿಚ್ಚು ಏಕೆ ತಾನಾಗಿ ಬೀಳಲಿಲ್ಲ? ನನ್ನ ಅಜ್ಞಾನದ ಬೇರು ಇಲ್ಲಿಯೇ ಇತ್ತು. ಹಿಂದೆ ಫ್ಯೂಸೆಂದು ಇದ್ದುದರ ಸ್ಥಾನದಲ್ಲಿ ಈಗ ಎಂ.ಸಿ.ಬಿ. ಎಂಬ ಸ್ವಿಚ್ಚು ಬಂದಿದೆ. ಪ್ರವಾಹವು ತನಗೆ ಗೊತ್ತುಮಾಡಿದ ಮಿತಿಯನ್ನು ಮೀರಿದರೆ ಅದು ಬೀಳುತ್ತದೆ. ನಮ್ಮ ಮನೆಯದು ೧೬ ಆಂಪಿಯರಿನದು. ಹರಿಯುತ್ತಿದ್ದುದು ಒಂಬತ್ತಕ್ಕೂ ಕಡಮೆ. ಅದರ ದೃಷ್ಟಿಯಲ್ಲಿ ಎಲ್ಲವೂ ಸರಿಯಾಗಿಯೇ ಇತ್ತು. ಎಕ್ಸ್‌ಟೆನ್ಷನ್ ಬೋರ್ಡಿನ ಎಳೆಯು ಬಡಕಲೆಂಬುದು ಅದಕ್ಕೆ ತಿಳಿಯದು. ಕೀಲು ಸಡಿಲವೆಂಬುದೂ ತಿಳಿಯದು. ಗೋಡೆಯೊಳಗೆ ತಕ್ಕ ತಂತಿಯಿದ್ದು, ಆ ತಂತಿ ತಾಳುವಷ್ಟಕ್ಕೇ ಎಂ.ಸಿ.ಬಿ.ಯನ್ನು ಹಾಕಿದ್ದರೆ ಅದು ಆ ತಂತಿಯನ್ನು ಕಾಯುತ್ತದೆ. ನಾವು ಆಚೆಗೆ ಸೇರಿಸಿದ ಬಾಲವನ್ನು ಕಾಯಲಾರದು. ಇನ್ನು ಫ್ಯೂಸು ಪದೇಪದೇ ಹೋಗುತ್ತದೆಂದು ದಪ್ಪ ತಂತಿಯನ್ನು ಕಟ್ಟುವುದು, ಎಂ.ಸಿ.ಬಿ. ಬೀಳುತ್ತದೆಂದು ದೊಡ್ಡದನ್ನು ಹಾಕಿಸುವುದು, ಇವು ಕಾವಲು ನಾಯಿ ಬೊಗಳಿತೆಂದು ಅದರ ಬಾಯಿಯನ್ನು ಕಟ್ಟಿದಂತೆ.

ಮರುದಿನ ನಮ್ಮ ಶಾಲೆಯಲ್ಲಿಯೇ ಓದಿ, ಈಗ ಪರವಾನಗಿ ಪಡೆದು ವೈರಿಂಗ್ ಕೆಲಸ ಮಾಡುತ್ತಿರುವ ಹುಡುಗನನ್ನು ಕರೆಸಿದೆನು. ಅವನು ಎಲ್ಲವನ್ನೂ ನೋಡಿ, "ಸಾರ್, ಹೀಟರಿನದೇನೂ ತಪ್ಪಿಲ್ಲ. ದಾರಿ ತಪ್ಪು" ಎಂದನು. ಆಮೇಲೆ ಅವನು ನನಗೆ ದಾರಿಗಳನ್ನು ಒಂದೊಂದಾಗಿ ವಿವರಿಸಿದನು. ಶಿಷ್ಯನಿಂದ ಕಲಿತ ಆ ಪಾಠವನ್ನು ಅದೇ ಕ್ರಮದಲ್ಲಿ ಹೇಳುತ್ತೇನೆ.

ಮೊದಲನೆಯದು, ಇರುವ ದೀಪದ ಸಾಕೆಟ್ಟಿಗೇ ಹೀಟರನ್ನು ಸಿಕ್ಕಿಸುವುದು. ಖರ್ಚಿಲ್ಲದ ದಾರಿ, ನಾನು ಹಿಡಿದದ್ದು ಇದನ್ನೇ. ದೀಪದ ಸಾಲುಗಳಿಗೆ ಸಾಮಾನ್ಯವಾಗಿ ಎಳೆಯುವುದು ೧.೫ ಚದರ ಮಿಲಿಮೀಟರಿನ ತಾಮ್ರದ ತಂತಿ. ಹದಿನೈದು ಮೀಟರು ದೂರದ ಕೋಣೆಗೆ ಹೋಗಿ ಬರುವಾಗ ಅದು ಮೂವತ್ತು ಮೀಟರಾಗುತ್ತದೆ. ೨೦೦೦ ವಾಟಿನ ಒಂದು ಹೀಟರು ಹಚ್ಚಿದರೆ ಆ ತಂತಿಯಲ್ಲಿಯೇ ೨೭ ವಾಟು ಉಷ್ಣವಾಗಿ ಗೋಡೆಯೊಳಗೆ ಸೇರುತ್ತದೆ. ಅದೇ ಸಾಲಿಗೆ ಎರಡು ಹೀಟರು ಹಚ್ಚಿದರೆ ೫೪ ಅಲ್ಲ, ಸುಮಾರು ೧೧೦ ವಾಟು. ಜೂಲನ ನಿಯಮವನ್ನು ನೆನಪಿಡಿ. ಹಳೆಯ ತಂತಿಯ ಹೊದಿಕೆಯು ಆ ಬಿಸಿಗೆ ವರ್ಷವರ್ಷವೂ ಒಣಗಿ ಬಿರಿಯುತ್ತ ಹೋಗುತ್ತದೆ. ಈ ದಾರಿಯು ಹೀಟರಿಗೆ ಸಲ್ಲದು.

ಎರಡನೆಯದು, ಮೀಟರಿನ ಬಳಿಯ ಹಂಚಿಕೆಯ ಪೆಟ್ಟಿಗೆಯಿಂದ ಹೀಟರಿಗಾಗಿಯೇ ಒಂದು ಪ್ರತ್ಯೇಕ ಸಾಲನ್ನು ಎಳೆದು, ಅದರ ಕೊನೆಯಲ್ಲಿ ೧೬ ಆಂಪಿಯರಿನ ಒಂದೇ ಸಾಕೆಟ್ಟನ್ನು ಕೂಡಿಸುವುದು. ತಂತಿಯು ೨.೫ ಚದರ ಮಿಲಿಮೀಟರಿಗೆ ಕಡಮೆಯಿರಬಾರದು. ೪ ಇದ್ದರೆ ಉತ್ತಮ. ಮೇಲೆ ಹೇಳಿದ ದೂರಕ್ಕೆ ೪ರ ತಂತಿಯಲ್ಲಿ ವ್ಯರ್ಥವಾಗುವುದು ಹತ್ತು ಹನ್ನೊಂದು ವಾಟು ಮಾತ್ರ. ಆ ಸಾಲಿಗೆ ಅದರದೇ ಎಂ.ಸಿ.ಬಿ. ಇರತಕ್ಕದ್ದು. ಕೋಣೆಯಿಂದ ಕೋಣೆಗೆ ಒಯ್ಯುವ ಹೀಟರಿಗೆ ಇದು ಸರಿಯಾದ ದಾರಿ. ಹೀಟರಿನ ಪ್ಲಗ್ಗು ನೇರವಾಗಿ ಗೋಡೆಯ ಸಾಕೆಟ್ಟಿಗೇ ಹೋಗಬೇಕು. ನಡುವೆ ಯಾವ ಬೋರ್ಡೂ ಯಾವ ತುಂಡೂ ಬರಬಾರದು. ತಂತಿ ಸಾಲದಿದ್ದರೆ ಹಾಸಿಗೆಯನ್ನು ಸರಿಸಬೇಕೇ ಹೊರತು ತಂತಿಯನ್ನು ಬೆಳೆಸಬಾರದು.

ಮೂರನೆಯದು, ಗೋಡೆಗೆ ಬಿಗಿದ ಹೀಟರಿಗೂ ಸ್ನಾನದ ಮನೆಯ ಗೀಸರಿಗೂ ತಕ್ಕದ್ದು. ಇಲ್ಲಿ ಪ್ಲಗ್ಗೇ ಬೇಡ. ಪ್ರತ್ಯೇಕ ಸಾಲಿನ ತಂತಿಯನ್ನು, ಫೇಸು ನ್ಯೂಟ್ರಲ್ಲುಗಳೆರಡನ್ನೂ ಒಟ್ಟಿಗೆ ಕಡಿಯುವ ಜೋಡಿ ಸ್ವಿಚ್ಚಿನ ಮೂಲಕ, ನೇರವಾಗಿ ಯಂತ್ರಕ್ಕೆ ಬಿಗಿಯುವುದು. ಪ್ಲಗ್ಗಿಲ್ಲವಾದುದರಿಂದ ಸಡಿಲವಾಗುವ ಒಂದು ಕೀಲು ಕಡಮೆಯಾಗುತ್ತದೆ; ಮಕ್ಕಳು ಎಳೆದಾಡುವ ತಂತಿಯೂ ಇರುವುದಿಲ್ಲ. ಸ್ವಿಚ್ಚಿಗೆ ಒಂದು ಕೆಂಪು ದೀಪವಿದ್ದರೆ ಮರೆತು ಬಿಟ್ಟದ್ದು ದೂರದಿಂದಲೇ ಕಾಣುತ್ತದೆ. ಸ್ನಾನದ ಮನೆಯಲ್ಲಿ ಆ ಸ್ವಿಚ್ಚು ಒದ್ದೆಯ ಕೈಗೆ ಎಟುಕದಂತೆ ಹೊರಗಿರಲಿ.

ನಾಲ್ಕನೆಯದು ದೊಡ್ಡ ಮನೆಗಳಿಗೂ ಸಂಸ್ಥೆಗಳಿಗೂ ಸಂಬಂಧಿಸಿದ್ದು. ಹೀಟರುಗಳು ಎರಡು ಮೂರಾದರೆ ಒಂದೇ ಫೇಸಿನ ಸಂಪರ್ಕವು ಸಾಲದೆ ಹೋಗಬಹುದು. ಆಗ ವಿದ್ಯುತ್ ಕಚೇರಿಗೆ ಅರ್ಜಿ ಕೊಟ್ಟು, ಮಂಜೂರಾದ ಹೊರೆಯನ್ನು ಹೆಚ್ಚಿಸಿಕೊಂಡು, ಮೂರು ಫೇಸಿನ ಸಂಪರ್ಕವನ್ನು ಪಡೆದು, ಹೀಟರುಗಳನ್ನು ಬೇರೆಬೇರೆ ಫೇಸುಗಳಿಗೆ ಹಂಚಬೇಕು. ಕಾಗದಪತ್ರದ ಓಡಾಟವುಂಟು; ಆದರೆ ತಪ್ಪಿಸಿಕೊಳ್ಳತಕ್ಕ ಓಡಾಟವಲ್ಲ.

ಯಾವ ದಾರಿಯನ್ನು ಹಿಡಿದರೂ ಎರಡು ಕಾವಲುಗಳು ಇರಲೇಬೇಕು. ಒಂದು, ಅರ್ತಿಂಗು. ಮೂರು ಕಡ್ಡಿಯ ಪ್ಲಗ್ಗಿನಲ್ಲಿ ಮೇಲಿನ ಕಡ್ಡಿಯು ಉಳಿದೆರಡಕ್ಕಿಂತ ಉದ್ದವಾಗಿಯೂ ದಪ್ಪವಾಗಿಯೂ ಇರುವುದನ್ನು ನೀವು ನೋಡಿದ್ದೀರಿ. ಸಿಕ್ಕಿಸುವಾಗ ಮೊದಲು ಮುಟ್ಟಬೇಕಾದದ್ದೂ ಕೀಳುವಾಗ ಕೊನೆಗೆ ಬಿಡಬೇಕಾದದ್ದೂ ಅದೇ. ಹೀಟರಿನ ಲೋಹದ ಮೈಗೆ ಅಕಸ್ಮಾತ್ತಾಗಿ ವಿದ್ಯುತ್ತು ತಗುಲಿದರೆ ಅದನ್ನು ಭೂಮಿಗೆ ಇಳಿಸುವ ತಂತಿಯದು. ಆದರೆ ಅನೇಕ ಹಳೆಯ ಮನೆಗಳಲ್ಲಿ ಸಾಕೆಟ್ಟಿನ ಮೂರನೆಯ ತೂತಿನ ಹಿಂದೆ ತಂತಿಯೇ ಇರುವುದಿಲ್ಲ. ತೂತಿದೆ, ಅರ್ತಿಲ್ಲ. ನಮ್ಮ ನಿಲಯದಲ್ಲಿಯೂ ಹಾಗೆಯೇ ಇದ್ದುದು ಪರೀಕ್ಷೆಯಿಂದ ತಿಳಿದುಬಂತು. ನೆಲದಲ್ಲಿ ಕೊಳವೆಯನ್ನು ಆಳವಾಗಿ ಹೂಳಿ, ಅದರಿಂದ ಪ್ರತಿಯೊಂದು ಸಾಕೆಟ್ಟಿಗೂ ಹಸಿರು ತಂತಿಯನ್ನು ತಂದಿದ್ದಾರೆಯೇ ಎಂದು ತಿಳಿದವರಿಂದ ಅಳತೆ ಮಾಡಿಸಿ ನೋಡಬೇಕು.

ಎರಡನೆಯ ಕಾವಲು ಆರ್.ಸಿ.ಸಿ.ಬಿ. ಎಂಬ ಸ್ವಿಚ್ಚು. ಎಂ.ಸಿ.ಬಿ.ಯು ತಂತಿಯನ್ನು ಕಾಯುತ್ತದೆ. ಇದು ಮನುಷ್ಯನನ್ನು ಕಾಯುತ್ತದೆ. ಫೇಸಿನಲ್ಲಿ ಹೋದ ಪ್ರವಾಹವೆಲ್ಲ ನ್ಯೂಟ್ರಲ್ಲಿನಲ್ಲಿ ಹಿಂದಿರುಗಿತೇ ಎಂದು ಅದು ಸದಾ ತೂಗುತ್ತಿರುತ್ತದೆ. ಮಧ್ಯದಲ್ಲಿ ೩೦ ಮಿಲಿಆಂಪಿಯರಿನಷ್ಟು ಸೋರಿದರೆ, ಎಂದರೆ ನನ್ನ ಹೀಟರು ಎಳೆಯುವ ಪ್ರವಾಹದಲ್ಲಿ ಸುಮಾರು ಮುನ್ನೂರರಲ್ಲೊಂದು ಪಾಲು ಯಾರದೋ ಕೈಯ ಮೂಲಕ ನೆಲಕ್ಕೆ ಹರಿದರೆ, ಕಣ್ಣು ಮಿಟುಕಿಸುವುದರೊಳಗೆ ಸಂಪರ್ಕವನ್ನು ಕಡಿಯುತ್ತದೆ. ಅದರ ಮೇಲೆ ಪರೀಕ್ಷೆಯ ಗುಂಡಿಯೊಂದಿರುತ್ತದೆ. ತಿಂಗಳಿಗೊಮ್ಮೆ ಅದನ್ನು ಒತ್ತಿ, ಸ್ವಿಚ್ಚು ಬೀಳುತ್ತದೆಯೇ ಎಂದು ನೋಡುವ ಕೆಲಸವನ್ನು ಮನೆಯಲ್ಲಿ ಒಬ್ಬ ಮಗುವಿಗೆ ವಹಿಸಿರಿ. ಮಕ್ಕಳು ದೊಡ್ಡವರಿಗಿಂತ ಇಂಥ ಕೆಲಸವನ್ನು ಮರೆಯದೆ ಮಾಡುತ್ತಾರೆ. ಆದರೆ ಈ ಸ್ವಿಚ್ಚು ಒಂದಿದ್ದರೆ ಎಲ್ಲವೂ ಆಯಿತೆಂದು ತಿಳಿಯಬಾರದು. ನಮ್ಮ ಮನೆಯ ಸಾಕೆಟ್ಟು ಕರಗಿದ ರಾತ್ರಿ ಸೋರಿಕೆಯೇನೂ ಇರಲಿಲ್ಲ, ಇದಿದ್ದರೂ ಬೀಳುತ್ತಿರಲಿಲ್ಲ. ಸಡಿಲವಾದ ಕೀಲಿಗೂ ಬಡಕಲು ತಂತಿಗೂ ನಮ್ಮ ಎಚ್ಚರವೇ ಮದ್ದು. ಒಂದು ಗಂಟೆ ಹೀಟರು ಉರಿಸಿ, ಸ್ವಿಚ್ಚನ್ನು ಆರಿಸಿ, ಪ್ಲಗ್ಗನ್ನು ಮುಟ್ಟಿ ನೋಡಿರಿ. ಕೈಗೆ ಸುಡುವಂತಿದ್ದರೆ ಮತ್ತೆ ಹಚ್ಚದೆ ವೈರ್‌ಮನ್ನನನ್ನು ಕರೆಸಿರಿ.

ತಾಯಂದಿರಿಗೆ ಎರಡು ಮಾತು. ಅಂಗಡಿಯವರು ಒಂದು ಹೀಟರಿಗಿಂತ ಇನ್ನೊಂದು ಕಡಮೆ ವಿದ್ಯುತ್ತಿನಲ್ಲಿ ಹೆಚ್ಚು ಬಿಸಿ ಕೊಡುತ್ತದೆಂದು ಹೇಳಬಹುದು. ಎಣ್ಣೆ ತುಂಬಿದ್ದಾಗಲಿ, ಬೀಸಣಿಗೆಯದ್ದಾಗಲಿ, ಕೆಂಪಗೆ ಉರಿಯುವ ಕಡ್ಡಿಯದ್ದಾಗಲಿ, ಒಂದು ಯೂನಿಟ್ಟಿಗೆ ಎಲ್ಲವೂ ಕೊಡುವ ಉಷ್ಣ ಒಂದೇ. ಹೊರಗಿನ ಗಾಳಿಯ ಉಷ್ಣವನ್ನು ಒಳಗೆ ಎತ್ತಿ ತರುವ, ಚಳಿಗೂ ಸೆಕೆಗೂ ಆಗುವ ಏರ್ ಕಂಡೀಷನರು ಮಾತ್ರ ಒಂದು ಯೂನಿಟ್ಟಿಗೆ ಎರಡು ಮೂರು ಪಟ್ಟು ಬಿಸಿ ಕೊಡಬಲ್ಲದು. ಆದರೆ ಅದರ ಬೆಲೆ ಹೆಚ್ಚು. ೨೦೦೦ ವಾಟಿನ ಹೀಟರನ್ನು ದಿನಕ್ಕೆ ಮೂರು ಗಂಟೆ ಉರಿಸಿದರೆ ಆರು ಯೂನಿಟ್ಟು. ತಿಂಗಳಿಗೆ ನೂರ ಎಂಬತ್ತು. ಬಳಕೆ ಏರಿದಂತೆ ಯೂನಿಟ್ಟಿನ ದರವೂ ಮೆಟ್ಟಿಲು ಏರುತ್ತದೆ. ಆದುದರಿಂದ ಹೀಟರನ್ನು ಕೊಳ್ಳುವ ಮೊದಲು ಕಿಟಕಿಯ ಸಂದುಗಳನ್ನೂ ಬಾಗಿಲ ಕೆಳಗಿನ ಬಿಡುವನ್ನೂ ಮುಚ್ಚಿರಿ. ತೂತಿನ ಕೊಡಕ್ಕೆ ಎಷ್ಟು ನೀರು ಹೊಯ್ದರೇನು? ಒದ್ದೆಬಟ್ಟೆಯನ್ನು ಹೀಟರಿನ ಮೇಲೆ ಹರಡಬೇಡಿರಿ. ಬಕೆಟ್ಟಿನೊಳಗೆ ಇಳಿಬಿಡುವ ನೀರು ಕಾಯಿಸುವ ಕಡ್ಡಿಯನ್ನು ಆರಿಸಿ, ಪ್ಲಗ್ಗನ್ನು ಕಿತ್ತ ಮೇಲಲ್ಲದೆ ನೀರಿಗೆ ಬೆರಳಿಡಬೇಡಿರಿ. ಎಲ್ಲರೂ ನಿದ್ರಿಸುವ ಹೊತ್ತಿಗೆ ಹೀಟರು ಆರಿರಲಿ.

ಇನ್ನು ನಿಲಯದ ವಿಷಯಕ್ಕೆ ಬರುತ್ತೇನೆ. ಅಲ್ಲಿರುವುದು ಒಂದೇ ಫೇಸಿನ ಸಂಪರ್ಕ. ಮಂಜೂರಾದ ಹೊರೆ ೩ ಕಿಲೋವಾಟು. ತಂತಿಯೆಲ್ಲ ದೀಪಕ್ಕೆಂದು ಎಳೆದದ್ದು. ಅರ್ತಿಂಗು ಇಲ್ಲವೆಂದು ಆಗಲೇ ಹೇಳಿದೆನು. ಬಂದಿದ್ದ ಕೊಡುಗೆ ೨೦೦೦ ವಾಟಿನ ನಾಲ್ಕು ಹೀಟರುಗಳದು: ಒಟ್ಟು ೮ ಕಿಲೋವಾಟು, ಸುಮಾರು ೩೫ ಆಂಪಿಯರು. ಅವನ್ನು ಆ ಹಳೆಯ ತಂತಿಗೆ ಸಿಕ್ಕಿಸಿ, ಇಪ್ಪತ್ತನಾಲ್ಕು ಮಕ್ಕಳನ್ನು ಮಲಗಿಸಿ, ಹೊರಗಿನಿಂದ ಬಾಗಿಲನ್ನು ಎಳೆದುಕೊಳ್ಳುವ ಧೈರ್ಯ ನನಗೆ ಬರಲಿಲ್ಲ. ಕರಿಕಾದ ಚಾಪೆಯನ್ನು ನಾನು ಕಣ್ಣಾರೆ ಕಂಡಿದ್ದೆನು. ನನ್ನ ಮನೆಯಲ್ಲಿ ಎಚ್ಚರವಿದ್ದ ತಾಯಿಯೊಬ್ಬರಿದ್ದರು. ನಿಲಯದ ಮಕ್ಕಳು ಹಗಲೆಲ್ಲ ಆಡಿ ದಣಿದು ಮಲಗುವವರು. ಅವರನ್ನು ಯಾವ ವಾಸನೆಯೂ ಎಬ್ಬಿಸುವುದಿಲ್ಲ.

ಆದುದರಿಂದ ಸಭೆಯ ಮುಂದೆ ನನ್ನ ಬಿನ್ನಹ ಇದು. ನಾಲ್ಕು ಹೀಟರುಗಳ ಬದಲು ಎರಡು ಸಾಕು, ಕೋಣೆಗೊಂದರಂತೆ. ಕೆಂಪು ಕಡ್ಡಿ ಹೊರಗೆ ಕಾಣದ ಎಣ್ಣೆಯ ಬಗೆಯವು. ಉಳಿದೆರಡರ ಹಣವನ್ನು ತಂತಿಯ ಕೆಲಸಕ್ಕೆ ಕೊಡಬೇಕೆಂದು ದಾನಿಗಳನ್ನು ಪ್ರಾರ್ಥಿಸೋಣ. ಸಾಲದ ಭಾಗವನ್ನು ಸಂಸ್ಥೆಯು ತುಂಬಬೇಕು. ಮೊದಲು ಕಿಟಕಿಗಳ ಸಂದು ಮುಚ್ಚಿ, ಹೆಂಚಿನ ಕೆಳಗೆ ಹಲಗೆಯ ಚಾವಣಿಯನ್ನು ಹಾಕಿಸುವುದು. ಆಮೇಲೆ ಹೊರೆಯನ್ನು ೫ ಕಿಲೋವಾಟಿಗೆ ಏರಿಸಿ ಮೂರು ಫೇಸಿಗೆ ಅರ್ಜಿ ಹಾಕುವುದು. ಅರ್ತಿಂಗು, ಆರ್.ಸಿ.ಸಿ.ಬಿ., ಹೀಟರಿಗೊಂದು ಪ್ರತ್ಯೇಕ ಸಾಲು, ಇವೆಲ್ಲವೂ ಆಗಿ, ಅಳತೆ ಮಾಡಿ ಸರಿಯಿದೆಯೆಂದು ಪರವಾನಗಿಯುಳ್ಳವರು ಬರೆದುಕೊಟ್ಟ ಮೇಲೆ ಹೀಟರುಗಳನ್ನು ತರುವುದು. ಸಂಜೆಯ ಓದಿನಿಂದ ಮಲಗುವವರೆಗೆ ಅವು ಉರಿಯಲಿ. ದೀಪ ಆರಿಸುವಾಗ ಅವನ್ನೂ ಆರಿಸುವ ಹೊಣೆಯನ್ನು ನಾನೇ ಹೊರುತ್ತೇನೆ.

ಒಂದು ಕಷ್ಟವುಂಟು. ಹೀಟರಿನ ಮೇಲೆ ದಾನಿಗಳ ಹೆಸರನ್ನು ಬರೆಸಬಹುದು. ಗೋಡೆಯೊಳಗಿನ ತಂತಿಯ ಮೇಲೆ ಬರೆಸಲು ಬರುವುದಿಲ್ಲ. ನೆಲದಲ್ಲಿ ಹೂತ ಕೊಳವೆಯನ್ನು ಯಾರೂ ನಿಂತು ನೋಡುವುದಿಲ್ಲ. ಕಣ್ಣಿಗೆ ಕಾಣುವುದಕ್ಕೆ ಹಣ ಬೇಗ ಬರುತ್ತದೆ, ಕಾಣದ್ದಕ್ಕೆ ತಡವಾಗಿ ಬರುತ್ತದೆ. ಆದರೆ ಗಡಿಯಾಚೆಯ ಈ ಬೆಟ್ಟದ ಮೇಲೆ ಕನ್ನಡ ಶಾಲೆಯೊಂದನ್ನು ಉಳಿಸಿಕೊಂಡು ಬಂದ ನಮ್ಮ ಹಿರಿಯರು ಹೆಸರು ಕಾಣುವ ಕಡೆಗೆ ಮಾತ್ರ ಕೊಟ್ಟವರಲ್ಲ. ಈ ಕಟ್ಟಡದ ಅಡಿಪಾಯದ ಕಲ್ಲುಗಳನ್ನು ಹೊತ್ತು ತಂದವರ ಹೆಸರು ಯಾವ ಫಲಕದಲ್ಲಿಯೂ ಇಲ್ಲ.

ಕೊನೆಯದಾಗಿ ಒಂದು ಸಂಗತಿ. ನಮ್ಮ ತಾಯಿಯವರು ಈ ಚಳಿಗಾಲವನ್ನೂ ಕಂಡರು. ಅವರ ಕೋಣೆಗೆ ಈಗ ಪ್ರತ್ಯೇಕ ಸಾಲು, ಗೋಡೆಯಲ್ಲಿ ದೊಡ್ಡ ಸಾಕೆಟ್ಟು ಇವೆ. ಹಾಸಿಗೆಯನ್ನು ಅದರ ಸಮೀಪಕ್ಕೆ ಸರಿಸಿದ್ದೇವೆ. ಅದೇ ಹೀಟರು ಅಲ್ಲಿ ಉರಿಯುತ್ತದೆ. ಆದರೂ ಮಲಗುವ ಮೊದಲು ಅವರು ದಿನವೂ ಕೇಳುತ್ತಾರೆ: "ಪ್ಲಗ್ಗು ಮುಟ್ಟಿ ನೋಡಿದೆಯೇನೋ?" ನಾನು ಮುಟ್ಟಿ ನೋಡಿ, "ತಣ್ಣಗಿದೆ ಅಮ್ಮಾ" ಎನ್ನುತ್ತೇನೆ. ಬರುವ ಮಾರ್ಗಶಿರದೊಳಗೆ ನಿಲಯದ ಮಕ್ಕಳ ತಾಯಂದಿರಿಗೂ ಅದೇ ಉತ್ತರವನ್ನು ಕೊಡುವಂತಾಗಲೆಂದು ಹಾರೈಸುತ್ತೇನೆ.